ಡ್ರಿಪ್‌ನಿಂದ ಬಂದ ಪಾಸಿಟಿವ್

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ವಾರ್ಡಿನಲ್ಲಿ ಇದು ಮಾಮೂಲು. ಕೀಮೋ ಆಗಿ ಕೆಲವು ದಿನ ಕಳೆದಿರುತ್ತದೆ. ಬಿಳಿ ರಕ್ತಕಣಗಳು ಪೂರ್ತಿ ಇಳಿದಿರುತ್ತವೆ. ರಾತ್ರಿ ಜ್ವರ ಏರುತ್ತದೆ. ಡಾಕ್ಟರು ತಡಮಾಡದೆ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಎಂಬ ಆಂಟಿಬಯೋಟಿಕ್ ಅನ್ನು ಡ್ರಿಪ್‌ನಲ್ಲಿ ಶುರು ಮಾಡುತ್ತಾರೆ. ವಾರ್ಡಿನವರ ಬಾಯಲ್ಲಿ ಅದು ಬರೀ 'ಪಿಪ್‌ಟಾಜ್'. ಆದರೂ ಜ್ವರ ಇಳಿಯಲಿಲ್ಲ ಅಂದರೆ ಫಂಗಸ್ ಇರಬಹುದಾ ಅಂತ ಅನುಮಾನ. ಗ್ಯಾಲಕ್ಟೋಮ್ಯಾನನ್ ಪರೀಕ್ಷೆಗೆ ರಕ್ತ ಹೋಗುತ್ತದೆ. ಪಾಸಿಟಿವ್ ಅಂತ ವರದಿ ಬರುತ್ತದೆ. ಮನೆಯವರ ಎದೆ ಧಸಕ್ಕೆನ್ನುತ್ತದೆ.

ಕೆಲವು ಸಲ ಆ ಪಾಸಿಟಿವ್ ರೋಗಿಯ ಶ್ವಾಸಕೋಶದಿಂದ ಬಂದದ್ದೇ ಅಲ್ಲ. ಡ್ರಿಪ್‌ನಿಂದ ಬಂದದ್ದು!

ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟು, ಅಂದರೆ ಶ್ವಾಸಕೋಶಕ್ಕೆ ಸೋಂಕು ತರಬಲ್ಲ ಒಂದು ಫಂಗಸ್, ಬೆಳೆಯುವಾಗ ಒಂದು ಬಗೆಯ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಅದೇ ಗ್ಯಾಲಕ್ಟೋಮ್ಯಾನನ್. ಪರೀಕ್ಷೆ ಹುಡುಕುವುದು ಬೂಷ್ಟನ್ನಲ್ಲ, ಈ ಸಕ್ಕರೆಯನ್ನು. ಪೆನಿಸಿಲಿಯಂ ಎಂಬ ಇನ್ನೊಂದು ಬೂಷ್ಟಿನಲ್ಲೂ ಹೆಚ್ಚುಕಡಿಮೆ ಇದೇ ಸಕ್ಕರೆ ಇದೆ. ನಮ್ಮ ಪೆನಿಸಿಲಿನ್ ಹುಟ್ಟುವುದೇ ಅದರಿಂದ, ಅಲ್ವಾ? ಪಿಪರಾಸಿಲಿನ್, ಅಮಾಕ್ಸಿಸಿಲಿನ್ ಎಲ್ಲ ಅದೇ ವಂಶದವು. ಅಡುಗೆಮನೆಯಿಂದ ಬಂದವರ ಸೀರೆಯಲ್ಲಿ ಒಗ್ಗರಣೆ ವಾಸನೆ ಉಳಿಯುವ ಹಾಗೆ, ಎಷ್ಟು ಶುದ್ಧ ಮಾಡಿದರೂ ಔಷಧದಲ್ಲಿ ಆ ಸಕ್ಕರೆ ಚೂರು ಉಳಿದುಬಿಡುತ್ತಿತ್ತು. ಅದರಿಂದ ಸೋಂಕೇನೂ ಆಗುವುದಿಲ್ಲ. ಟೆಸ್ಟಿಗೆ ಮಾತ್ರ ಗೊತ್ತಾಗುವುದಿಲ್ಲ, ಇದು ಎಲ್ಲಿಂದ ಬಂತು ಅಂತ.

2003-04ರ ಹೊತ್ತಿಗೆ ಯೂರೋಪಿನ ವೈದ್ಯರು ಇದನ್ನು ಪತ್ತೆ ಹಚ್ಚಿದರು. ಫಂಗಸ್‌ನ ಬೇರೆ ಯಾವ ಲಕ್ಷಣವೂ ಇಲ್ಲದವರಿಗೆ ಸಾಲುಸಾಲಾಗಿ ಪಾಸಿಟಿವ್ ಬರುತ್ತಿತ್ತು. ಕೊನೆಗೆ ಔಷಧದ ಸೀಸೆಯನ್ನೇ ಪರೀಕ್ಷೆಗೆ ಹಾಕಿದರು. ಸೀಸೆಯೇ ಪಾಸಿಟಿವ್!

ಆಮೇಲೆ ತಯಾರಿಕೆ ಸುಧಾರಿಸಿತು, ತೊಂದರೆ ಬಹಳ ಕಡಿಮೆಯಾಯಿತು. ಹಾಗಂತ ಪೂರ್ತಿ ಮರೆಯುವಂತಿಲ್ಲ. ಒಂದೊಂದು ಕಂಪನಿಯದು, ಒಂದೊಂದು ಬ್ಯಾಚಿನದು ಬೇರೆ ಬೇರೆ. ಗ್ಲುಕೋನೇಟ್ ಎಂಬ ಲವಣ ಇರುವ ಕೆಲವು ಡ್ರಿಪ್‌ಗಳಿಂದಲೂ ಹೀಗೆ ಆಗಿದೆ, ಯಾಕೆಂದರೆ ಆ ಗ್ಲುಕೋನೇಟನ್ನು ಆಸ್ಪರ್ಜಿಲ್ಲಸ್‌ನಿಂದಲೇ ತಯಾರಿಸುತ್ತಾರೆ. ಫ್ರಾನ್ಸ್‌ನಲ್ಲಿ ರೋಗಿಗಳು ಚೀಪಿದ ಐಸ್ ಕ್ಯಾಂಡಿಯಿಂದ ಕೂಡ ಪಾಸಿಟಿವ್ ಬಂದಿತ್ತು. ಬೀಟಾ-ಗ್ಲುಕಾನ್ ಅನ್ನುವ ಇನ್ನೊಂದು ಫಂಗಸ್ ಪರೀಕ್ಷೆಗೂ ಇಂಥದೇ ಕಾಟ. ಅಲ್ಲಿ ರಕ್ತದ ಪ್ರೋಟೀನ್‌ಗಳಾದ ಆಲ್ಬುಮಿನ್, ಇಮ್ಯೂನೋಗ್ಲಾಬ್ಯುಲಿನ್ ಇಂಜೆಕ್ಷನ್‌ಗಳು ದಾರಿ ತಪ್ಪಿಸುತ್ತವೆ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ತಪ್ಪು ಪಾಸಿಟಿವ್‌ಗೆ ಬೆಲೆ ತೆರುವವರು ರೋಗಿಗಳೇ. ಫಂಗಸ್‌ಗೆ ಕೊಡುವ ವೊರಿಕೊನಜೋಲ್ ದುಬಾರಿ. ಲಿವರ್‌ಗೆ ಪೆಟ್ಟು ಬೀಳಬಹುದು, ಕಣ್ಣಿಗೆ ಬಣ್ಣ ಬಣ್ಣದ ಬೆಳಕು ಕಾಣಬಹುದು. ಬೇರೆ ಎಷ್ಟೋ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಸುಮ್ನೆ ಕೊಡುವಂಥದ್ದಲ್ಲ. ಹಾಗೆಯೇ, ಪಾಸಿಟಿವ್ ಬಂತೆಂದರೆ ಔಷಧದ್ದೇ ಇರಬೇಕು ಬಿಡಿ ಅಂತ ತಳ್ಳಿಹಾಕುವುದು ಇನ್ನೂ ಅಪಾಯ. ನಿಜವಾದ ಆಸ್ಪರ್ಜಿಲ್ಲಸ್ ಸೋಂಕು ಇಂಥ ರೋಗಿಗಳ ಜೀವ ತೆಗೆಯಬಲ್ಲದು. ಅದಕ್ಕೇ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್ ನೋಡುತ್ತಾರೆ, ಇನ್ನೊಂದು ಸಲ ರಕ್ತ ಕಳಿಸುತ್ತಾರೆ.

ಮನೆಯವರು ಮಾಡಬಹುದಾದ್ದೂ ಒಂದಿದೆ. ಲ್ಯಾಬ್ ಚೀಟಿಯಲ್ಲಿ ಈಗ ನಡೆಯುತ್ತಿರುವ ಆಂಟಿಬಯೋಟಿಕ್ ಹೆಸರು ಬರೆದಿದ್ದಾರಾ ಅಂತ ಸಿಸ್ಟರ್ ಹತ್ತಿರ ಕೇಳಿ. ಡೋಸ್ ಹಾಕಿದ ಕೂಡಲೇ ರಕ್ತ ತೆಗೆಯುವ ಬದಲು ಮುಂದಿನ ಡೋಸಿಗೆ ಸ್ವಲ್ಪ ಮೊದಲು ತೆಗೆಯಲು ಆಗುತ್ತದಾ ಅಂತಲೂ ಕೇಳಬಹುದು. ಔಷಧವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅದು ಡಾಕ್ಟರ ತೀರ್ಮಾನ.

ನಮಸ್ಕಾರ.