ಫ್ಯಾನ್ ಕೊಟ್ಟವರಿದ್ದಾರೆ, ಕರೆಂಟ್ ಬಿಲ್ ಕಟ್ಟುವವರು ಯಾರು?

ಯುವಕ ಮಂಡಲಗಳ ಪದಾಧಿಕಾರಿಗಳೇ, ಮಹಿಳಾ ಮಂಡಲಗಳ ಸದಸ್ಯೆಯರೇ, ಊರಿನ ಹಿರಿಯರೇ, ಎಲ್ಲರಿಗೂ ನಮಸ್ಕಾರ.

ಸಮುದಾಯ ಭವನ ನಡೆಸುವುದರ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ಕಟ್ಟುವುದರ ಬಗ್ಗೆ ನಾನು ಏನೂ ಹೇಳಬೇಕಾಗಿಲ್ಲ. ಆ ವಿದ್ಯೆ ನಮ್ಮವರಿಗೆ ಕರಗತ. ನಮ್ಮ ರಾಜ್ಯದ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಅರ್ಜಿ ಹಿಡಿದು ನಾಲ್ಕು ಸಲ ಓಡಾಡಿದರೆ ಒಂದಲ್ಲ ಒಂದು ಬಾಗಿಲು ತೆರೆಯುತ್ತದೆ. ಶಂಕುಸ್ಥಾಪನೆಗೆ ಒಂದು ಅಮೃತಶಿಲೆ, ಉದ್ಘಾಟನೆಗೆ ಇನ್ನೊಂದು. ಎರಡನೆಯ ಕಲ್ಲಿನ ಮೇಲಿನ ಪರದೆ ಸರಿಸಿ ಅತಿಥಿಗಳು ಕಾರು ಹತ್ತಿದ ಮೇಲೆ ಆ ಭವನ ನಮ್ಮದು. ಅದರ ಖರ್ಚೂ ನಮ್ಮದು. ಸಂಸದರ ನಿಧಿಯ ನಿಯಮದಲ್ಲಿ ದಿನನಿತ್ಯದ ಆವರ್ತಕ ವೆಚ್ಚಕ್ಕೆ ಅವಕಾಶವೇ ಇಲ್ಲ. ಸೂರಿಗೆ ಸರ್ಕಾರದ ದುಡ್ಡು ಸಿಗುತ್ತದೆ, ಪೊರಕೆಗೆ ಸಿಗುವುದಿಲ್ಲ.

ದಾನಿಗಳ ಕತೆಯೂ ಅಷ್ಟೇ. ಭವನದ ಛಾವಣಿ ನೋಡಿ: ಪ್ರತಿ ಫ್ಯಾನಿನ ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಒಂದು ಹೆಸರು. ಫ್ಯಾನ್ ತಿರುಗುವಾಗ ಅದನ್ನು ಓದುವುದಕ್ಕೆ ಆಗುವುದಿಲ್ಲ ಎಂಬುದು ಬೇರೆ ಮಾತು. ಕುರ್ಚಿಯ ಬೆನ್ನಿಗೆ ಹೆಸರು, ಸ್ಟೀಲ್ ತಟ್ಟೆಯ ಅಂಚಿಗೆ ಹೆಸರು. ಆದರೆ ಕರೆಂಟ್ ಬಿಲ್ಲಿನ ಮೇಲೆ ಹೆಸರು ಬರೆಸಿಕೊಂಡ ದಾನಿಯನ್ನು ನಾನು ಇನ್ನೂ ಕಂಡಿಲ್ಲ.

ಆ ಬಿಲ್ಲನ್ನು ಒಮ್ಮೆ ಸರಿಯಾಗಿ ಓದಿ. ಉರಿಸಿದ ಯೂನಿಟ್ಟಿನ ದರ ಒಂದು ಕಡೆ. ಭವನಕ್ಕೆ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆಯೋ ಅದರ ಲೆಕ್ಕದ ನಿಗದಿತ ಶುಲ್ಕ ಇನ್ನೊಂದು ಕಡೆ. ಬೀಗ ಹಾಕಿದ್ದರೂ ಇದು ತಿಂಗಳು ತಿಂಗಳೂ ಬರುತ್ತದೆ. ಉದ್ಘಾಟನೆಯ ಉತ್ಸಾಹದಲ್ಲಿ ಮುಂದೆ ಬೇಕಾದೀತು ಎಂದು ಹೆಚ್ಚು ಲೋಡ್ ಬರೆಸಿದವರು ಆಷಾಢದಲ್ಲಿ ಒಂದು ಬಲ್ಬನ್ನೂ ಉರಿಸದೆ ದುಡ್ಡು ಕಟ್ಟುತ್ತಾರೆ. ದೊಡ್ಡ ಮದುವೆಗೆ ಶಾಮಿಯಾನದವರ ಜನರೇಟರ್ ಹೇಗೂ ಬರುತ್ತದೆ. ಲೋಡ್ ಇಳಿಸಲು ಅರ್ಜಿ ಕೊಡಬಹುದು. ಎಷ್ಟೋ ಸಮಿತಿಗಳಿಗೆ ಇದು ಗೊತ್ತೇ ಇರುವುದಿಲ್ಲ.

ಆದಾಯ ಬರುವ ಕಾಲವೇ ಬೇರೆ, ಖರ್ಚು ಬೀಳುವ ಕಾಲವೇ ಬೇರೆ. ನಮ್ಮ ಮಲೆನಾಡು, ಕರಾವಳಿಯ ಕಡೆ ಮಾಘದಿಂದ ವೈಶಾಖದವರೆಗೆ ಮದುವೆ, ಉಪನಯನ, ಗೃಹಪ್ರವೇಶದ ಊಟ. ಮಳೆ ಹಿಡಿದರೆ ಯಾರೂ ಕೀಲಿ ಕೇಳುವುದಿಲ್ಲ. ಆದರೆ ಮಳೆಗೆ ಮೊದಲೇ ಹಂಚು ಕೈಯಾಡಿಸಬೇಕು, ಮಾಡಿನ ನೀರು ಹರಿಯುವ ದೋಣಿಯಲ್ಲಿ ಕಟ್ಟಿದ ತರಗೆಲೆ ತೆಗೆಸಬೇಕು, ವೇದಿಕೆಯ ಹಲಗೆಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಬೇಸಿಗೆಯ ಬಾಡಿಗೆಯನ್ನು ವಾರ್ಷಿಕೋತ್ಸವದ ನಾಟಕಕ್ಕೂ ಸನ್ಮಾನದ ಶಾಲಿಗೂ ಮುಗಿಸಿಬಿಟ್ಟರೆ ಜೂನ್‌ನಲ್ಲಿ ಖಜಾಂಚಿ ತನ್ನ ಜೇಬಿಗೆ ಕೈಹಾಕುತ್ತಾನೆ. ಎರಡು ವರ್ಷ ಹಾಗೆ ಹಾಕಿದವನು ಮೂರನೆಯ ವರ್ಷ ಸಭೆಗೇ ಬರುವುದಿಲ್ಲ.

ಇದಕ್ಕೆ ಹಳೆಯ ಉಪಾಯ ಒಂದಿದೆ, ಪುದುವಟ್ಟು: ಅಸಲನ್ನು ಇಡುಗಂಟಾಗಿ ಇಟ್ಟು ಬಡ್ಡಿಯನ್ನಷ್ಟೇ ಖರ್ಚು ಮಾಡುವುದು. ಹತ್ತು ಸಾವಿರ ಕೊಡುವ ಇಪ್ಪತ್ತು ಮನೆ ಸಿಕ್ಕರೆ ಎರಡು ಲಕ್ಷವಾಯಿತು. ಬ್ಯಾಂಕ್ ಶೇ. 7 ಬಡ್ಡಿ ಕೊಟ್ಟರೆ ವರ್ಷಕ್ಕೆ 14,000, ತಿಂಗಳಿಗೆ ಸಾವಿರದ ನೂರು ಚಿಲ್ಲರೆ. ದೊಡ್ಡ ಮೊತ್ತವಲ್ಲ, ಆದರೆ ಅಸಲು ಮುಟ್ಟದೆ ಕರೆಂಟ್ ಬಿಲ್ಲಿನ ಬಹುಪಾಲು ಕಳೆಯುತ್ತದೆ. ಫ್ಯಾನ್ ಕೊಡಲು ಬಂದವರಿಗೆ ಮೊದಲು ಇದನ್ನು ಹೇಳಿ. ಇದರ ಜೊತೆಗೆ ಮನೆಮನೆಯ ವಂತಿಗೆ ಇರಲೇಬೇಕು, ವರ್ಷಕ್ಕೆ ನೂರೇ ರೂಪಾಯಿಯಾದರೂ ಸರಿ. ನೂರು ರೂಪಾಯಿ ಕೊಟ್ಟ ಮನೆಯವರು ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುತ್ತಾರೆ. ಕೇಳಲಿ. ಶಾಸಕರ ನಿಧಿಯ ಲೆಕ್ಕವನ್ನು ಊರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಆದಾಯ ತೆರಿಗೆಯ ವಿಚಾರ ಬೇಗ ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿದ ಮಾತ್ರಕ್ಕೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ‘80ಜಿ’ ಎಂದು ಎಲ್ಲರೂ ಹೇಳುವ ಅನುಮೋದನೆಯನ್ನು ಬೇರೆಯಾಗಿಯೇ ಪಡೆಯಬೇಕು. ಅದು ಇದ್ದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಇನ್ನೊಂದು ಮಾತು: ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಸಂಘದ ಖಾತೆಯದೇ ಆಗಿರಲಿ, ಕಾರ್ಯದರ್ಶಿಯ ಮೊಬೈಲಿನದ್ದಲ್ಲ. ಮನುಷ್ಯ ಎಷ್ಟೇ ಪ್ರಾಮಾಣಿಕನಾಗಿದ್ದರೂ ಊರಿನ ಬಾಯಿ ಮುಚ್ಚುವುದಕ್ಕೆ ಆಗುವುದಿಲ್ಲ.

ಈಗ ಬಾಡಿಗೆಗೆ ಬರೋಣ. ಜಗಳವೆಲ್ಲ ಇಲ್ಲಿಯೇ. ಅಧ್ಯಕ್ಷರ ಅಣ್ಣನ ಮಗಳ ಮದುವೆ, ‘ನಮ್ಮವರೇ ತಾನೆ’ ಎಂದು ಭವನ ಬಿಟ್ಟಿ. ಮರುವಾರ ಕೂಲಿ ಮಾಡುವ ಮನೆಯವರು ಬಂದರೆ ಪೂರ್ತಿ ಬಾಡಿಗೆ, ಮೇಲೆ ಠೇವಣಿ. ನನ್ನ ಅಭಿಪ್ರಾಯ ಖಡಾಖಂಡಿತ: ಬಿಟ್ಟಿ ಎಂಬ ಕಾಲಮ್ಮೇ ಪುಸ್ತಕದಲ್ಲಿ ಇರಬಾರದು. ಬಡವರ ಮನೆಯ ಮದುವೆಗೆ ಬಾಡಿಗೆ ಬಿಡಬೇಕೆಂದು ಯಾರಿಗಾದರೂ ಅನ್ನಿಸಿದರೆ ಅವರು ಆ ಹಣವನ್ನು ತಾವೇ ಕಟ್ಟಿ ರಸೀದಿ ಪಡೆಯಲಿ. ಔದಾರ್ಯ ಅವರದು, ಆದಾಯ ಭವನದ್ದು. ಪಾತ್ರೆಗೂ ಹಾಗೆಯೇ. ಕೊಪ್ಪರಿಗೆ, ಸೌಟು, ಲೋಟಗಳನ್ನು ಎಣಿಸಿ ಕೊಟ್ಟು, ತೊಳೆದ ಮೇಲೆ ಎಣಿಸಿ ತೆಗೆದುಕೊಳ್ಳಬೇಕು. ಊಟದ ಗದ್ದಲದ ನಡುವೆ ಎಣಿಸಿದರೆ ಲೆಕ್ಕ ಎಂದೂ ಕೂಡುವುದಿಲ್ಲ.

ಕಾಯ್ದಿರಿಸುವ ಪುಸ್ತಕ ಯಾರ ಮನೆಯ ಕಪಾಟಿನಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ದಲಿತರ ಮನೆಯವರು ಕೇಳಿದಾಗ ‘ಕೊಡುವುದಿಲ್ಲ’ ಎನ್ನುವ ಧೈರ್ಯ ಈಗ ಯಾರಿಗೂ ಇಲ್ಲ. ಸಾರ್ವಜನಿಕ ಸ್ಥಳಕ್ಕೆ ಪ್ರವೇಶ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದರ ಬದಲು ‘ಆ ದಿನ ಬುಕ್ ಆಗಿಬಿಟ್ಟಿದೆ’ ಎನ್ನುತ್ತಾರೆ. ಪುಸ್ತಕ ಪಂಚಾಯಿತಿ ಗ್ರಂಥಾಲಯದಲ್ಲಿಯೋ ಭವನದ ಗೋಡೆಯ ಹಲಗೆಯ ಮೇಲೋ ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ಈ ಸುಳ್ಳು ನಡೆಯುವುದಿಲ್ಲ.

ಸಮಿತಿಯಲ್ಲಿ ಯಾರಿರಬೇಕು? ಇಂಗ್ಲೆಂಡಿನ ಹಳ್ಳಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಇಂಥ ಭವನಗಳಿವೆ. ಸಂಬಳವಿಲ್ಲದ ಸ್ಥಳೀಯರೇ ನಡೆಸುತ್ತಾರೆ. ಭವನವನ್ನು ಬಳಸುವ ಮಹಿಳಾ ಸಂಘ, ಆಟದ ಕ್ಲಬ್ಬುಗಳ ಪ್ರತಿನಿಧಿಗಳಿಗೆ ಅನೇಕ ಕಡೆ ಆಡಳಿತ ಸಮಿತಿಯಲ್ಲಿಯೇ ಸ್ಥಾನ ಇರುತ್ತದೆ. ಬಳಸುವವರೇ ಆಳುವ ಈ ಕ್ರಮ ನನಗೆ ಹಿಡಿಸಿತು. ನಮ್ಮಲ್ಲಿ 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಿವೆ. ವಾರವಾರ ಸೇರಿ, ಉಳಿತಾಯ ಬರೆದು, ಸಾಲ ವಸೂಲಿ ಮಾಡಿ ಪಳಗಿದ ಹೆಂಗಸರು ಅವರು. ಅವರನ್ನು ಸ್ವಾಗತಗೀತೆಗೂ ಆರತಿ ತಟ್ಟೆಗೂ ಮೀಸಲಿಟ್ಟು, ಕೂಡಿಸಿ ಕಳೆಯಲು ಬಾರದ ಗಂಡಸನ್ನು ಖಜಾಂಚಿ ಮಾಡುತ್ತೇವೆ!

ಹೆಗ್ಗೋಡಿನ ಹೆಸರು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ನೀನಾಸಂ ಎಂಬ ನಾಟಕ ಸಂಘ ಹುಟ್ಟಿದ್ದು 1949ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಇಸವಿ. ಅಲ್ಲಿನ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ, ಸಂಘ ಹುಟ್ಟಿ ಇಪ್ಪತ್ತಮೂರು ವರ್ಷದ ನಂತರ. ಅಷ್ಟು ಕಾಲ ನಾಟಕ ಆಡಿದ ಮೇಲೆ ಅದಕ್ಕೊಂದು ಸೂರು ಬಂತು. ಅಡಕೆ ತೋಟದ ಜನ ಬಣ್ಣ ಹಚ್ಚಿಕೊಳ್ಳುವ ಅಭ್ಯಾಸ ಮೊದಲೇ ಬೇರು ಬಿಟ್ಟಿತ್ತು. ಕಟ್ಟಡ ಖಾಲಿ ಬೀಳುವ ಪ್ರಶ್ನೆ ಬರಲಿಲ್ಲ. ನಾವು ಮೊದಲು ಭವನ ಕಟ್ಟಿ, ಆಮೇಲೆ ಅದರಲ್ಲಿ ಏನು ಮಾಡುವುದು ಎಂದು ಸಭೆ ಕರೆಯುತ್ತೇವೆ. ಇನ್ನೂ ಕಟ್ಟದ ಊರಿನವರು ಇಲ್ಲಿದ್ದರೆ ಒಂದೆರಡು ವರ್ಷ ಶಾಲೆಯ ಜಗಲಿಯಲ್ಲಿಯೇ ಭಜನೆ, ತಾಳಮದ್ದಳೆ, ಆರೋಗ್ಯ ಶಿಬಿರ ನಡೆಸಿ ನೋಡಿ. ಜನ ಬಂದರೆ ಅರ್ಜಿ ಹಿಡಿಯಿರಿ.

ಕೊನೆಯದಾಗಿ ಜಾಗದ ವಿಚಾರ. ಹಿರಿಯರೊಬ್ಬರು ‘ಹತ್ತು ಗುಂಟೆ ನನ್ನ ಕಡೆಯಿಂದ ಇರಲಿ’ ಎಂದು ಬಾಯಿಮಾತಿನಲ್ಲಿ ಕೊಟ್ಟ ನೆಲದ ಮೇಲೆ ನಿಂತ ಭವನಗಳು ಬಹಳ ಇವೆ. ಅವರು ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳುವಾಗ ಗೋಡೆಯ ಪಕ್ಕಕ್ಕೆ ಬೇಲಿ ಬರುತ್ತದೆ. ದಾನಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿರಬೇಕು, ಪಹಣಿಯಲ್ಲಿ ಸಂಘದ ಹೆಸರು ಕೂತಿರಬೇಕು. ಕಟ್ಟಡ ಪಂಚಾಯಿತಿಯದಾಗಿದ್ದು ನಡೆಸುವವರು ನೀವಾಗಿದ್ದರೆ ಲಿಖಿತ ಕರಾರು ಬೇಕು. ಅಧ್ಯಕ್ಷರು ಬದಲಾದ ದಿನ ಬಾಯಿಮಾತು ಉಳಿಯುವುದಿಲ್ಲ. ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಪಹಣಿ, ದಾನಪತ್ರದ ನಕಲು ತಂದವರು ಮುಂದಿನ ಸಾಲಿಗೆ ಬನ್ನಿ, ಒಂದೊಂದಾಗಿ ನೋಡೋಣ.