ರಿಯಾಕ್ಟರ್ ನಿಂತ ಮೇಲೂ ಆರದ ಬಿಸಿ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಿಂತು ಅಣುಸ್ಥಾವರದ ಬಗ್ಗೆ ಮಾತಾಡುವಾಗ ಕೈಗಾದ ಹೆಸರು ಬಂದೇ ಬರುತ್ತದೆ. ಆದರೆ ಇವತ್ತು ಇಡೀ ಸ್ಥಾವರದ ಕಥೆ ಬೇಡ. ಒಂದೇ ವಸ್ತು ಸಾಕು. ಇಂಧನದ ಕಟ್ಟು.

ಮೇಜಿನ ಮೇಲಿರುವ ಈ ಮಾದರಿ ನೋಡಿ. ಸುಮಾರು ಅರ್ಧ ಮೀಟರ್ ಉದ್ದ. 19 ಸಣ್ಣ ಕೊಳವೆಗಳನ್ನು ಒಟ್ಟು ಮಾಡಿ ಎರಡೂ ತುದಿಗೆ ಬಿಲ್ಲೆ ಬೆಸೆದಿದ್ದಾರೆ. ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಅದರ ಗೋಡೆ ಅರ್ಧ ಮಿಲಿಮೀಟರ್‌ಗಿಂತ ತೆಳು. ಒಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆಗಳು, ಪಿಂಗಾಣಿಯಷ್ಟು ಗಟ್ಟಿ. ಕೈಗಾದ ಒಂದೊಂದು ರಿಯಾಕ್ಟರಿನಲ್ಲಿ 306 ನಾಳಗಳು, ಪ್ರತಿ ನಾಳದಲ್ಲಿ 12 ಕಟ್ಟು. ಒಟ್ಟು 3,672.

ರಿಯಾಕ್ಟರ್ ನಡೆಯುವಾಗ ಗುಳಿಗೆಯ ನಡುಮಧ್ಯೆ ಸಾವಿರ ಡಿಗ್ರಿ ದಾಟಿರುತ್ತದೆ. ಕೊಳವೆಯ ಹೊರಗೆ ಹರಿಯುವ ಭಾರಜಲ, ಅಂದರೆ ತೂಕ ಹೆಚ್ಚಿರುವ ಜಲಜನಕದ ನೀರು, ಮುನ್ನೂರು ಡಿಗ್ರಿಯೂ ಇರಲ್ಲ. ಎರಡರ ನಡುವೆ ಇರುವುದು ಒಂದು ಸೆಂಟಿಮೀಟರಿಗೂ ಕಡಿಮೆ ದೂರ! ನೀರು ಹರಿಯುತ್ತಿರುವವರೆಗೆ ಏನೂ ಆಗಲ್ಲ.

ಅಪಾಯ ಕಂಡರೆ ನಿಲ್ಲಿಸಿಬಿಟ್ಟರಾಯಿತು, ಅಲ್ವಾ? ನಿಲ್ಲಿಸಬಹುದು, ಕೆಲವೇ ಸೆಕೆಂಡುಗಳಲ್ಲಿ. ಆದರೆ ಬಿಸಿ ನಿಲ್ಲಲ್ಲ. ಯುರೇನಿಯಂ ಒಡೆದು ಹುಟ್ಟಿದ ಚೂರುಗಳು ತಾವಾಗಿಯೇ ಶಿಥಿಲಗೊಳ್ಳುತ್ತಾ ಶಾಖ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇ. 6ರಿಂದ 7, ಒಂದು ಗಂಟೆಯ ನಂತರ ಶೇ. ಒಂದೂವರೆಯ ಹತ್ತಿರ, ಒಂದು ದಿನ ಕಳೆದರೂ ಸುಮಾರು ಅರ್ಧ ಶೇಕಡ. ಅರ್ಧ ಶೇಕಡ ಅಂದರೆ ಕೈಗಾದಂಥ ರಿಯಾಕ್ಟರಿನಲ್ಲಿ ಮೂರು ಮೆಗಾವಾಟಿಗೂ ಜಾಸ್ತಿ. ಇದನ್ನು ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸುವುದುಂಟು. ನನಗೆ ಆ ಹೋಲಿಕೆ ಸರಿ ಕಾಣಲ್ಲ. ಕೆಂಡಕ್ಕೆ ನೀರು ಹೊಯ್ದರೆ ಆರುತ್ತದೆ. ಇದು ಆರಲ್ಲ. ನೀರು ಬಿಸಿಯನ್ನು ಹೊತ್ತೊಯ್ಯುತ್ತದೆ, ಅಷ್ಟೇ.

ನೀರು ತಪ್ಪಿದರೆ? ಎಂಟುನೂರು ಡಿಗ್ರಿಯ ಆಸುಪಾಸಿನಲ್ಲಿ ಕೊಳವೆ ಮೆತ್ತಗಾಗಿ, ಒಳಗಿನ ಅನಿಲದ ಒತ್ತಡಕ್ಕೆ ಬಲೂನಿನಂತೆ ಉಬ್ಬಿ ಒಡೆಯುತ್ತದೆ. ವಿಕಿರಣ ಸೂಸುವ ಅಯೋಡಿನ್, ಸೀಸಿಯಂ ಹೊರಬರಲು ದಾರಿಯಾಗುತ್ತದೆ. 1,200 ಡಿಗ್ರಿ ದಾಟಿದರೆ ಇನ್ನೂ ಕಷ್ಟ. ಜಿರ್ಕೋನಿಯಂ ನೀರಾವಿಯೊಂದಿಗೆ ಸೇರಿ ತಾನೇ ಶಾಖ ಹುಟ್ಟಿಸುತ್ತದೆ, ಜಲಜನಕವನ್ನೂ ಬಿಡುತ್ತದೆ. ಒಂದು ಕಿಲೋ ಲೋಹ ಪೂರ್ತಿ ಹೀಗೆ ಹೋದರೆ ಐನೂರು ಲೀಟರಿನ ಹತ್ತಿರ ಜಲಜನಕ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಕಟ್ಟಡಗಳ ಮಾಡು ಹಾರಿಸಿದ್ದು ಇದೇ ಜಲಜನಕ.

ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರ ಮಾರ್ಚ್ 28ರ ನಸುಕಿನಲ್ಲಿ ಒಂದು ಕವಾಟ ತೆರೆದುಕೊಂಡೇ ಉಳಿದು, ರಿಯಾಕ್ಟರಿನ ನೀರು ಅದರಿಂದ ಹೊರಹೋಗುತ್ತಿತ್ತು. ಮುಚ್ಚಲು ಆದೇಶ ಹೋಗಿದೆ ಎಂದಷ್ಟೇ ಫಲಕದ ದೀಪ ಹೇಳುತ್ತಿತ್ತು, ಮುಚ್ಚಿದೆಯೋ ಇಲ್ಲವೋ ಹೇಳುತ್ತಿರಲಿಲ್ಲ. ನೀರು ಜಾಸ್ತಿಯಾಗಿದೆ ಅಂದುಕೊಂಡು ಸಿಬ್ಬಂದಿ ತುರ್ತು ನೀರನ್ನೇ ಕಡಿಮೆ ಮಾಡಿದರು. ಮೂರು ವರ್ಷ ಕಳೆದು, 1982ರಲ್ಲಿ ಒಳಗೆ ಕ್ಯಾಮೆರಾ ಇಳಿಸಿದಾಗ ಇಂಧನ ಇರಬೇಕಾದ ಜಾಗ ಖಾಲಿ! ಕೆಳಗೆ ಕಲ್ಲುಮಣ್ಣಿನಂಥ ರಾಶಿ. ಇಂಧನದ ಸುಮಾರು ಅರ್ಧ ಭಾಗ ಕರಗಿಹೋಗಿತ್ತು.

ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ರಾತ್ರಿ ಒಂದಿದೆ. 1993ರ ಮಾರ್ಚ್ 31, ಉತ್ತರ ಪ್ರದೇಶದ ನರೋರಾ. ಕೈಗಾದಂಥದ್ದೇ, 220 ಮೆಗಾವಾಟ್ ವಿದ್ಯುತ್ತಿನ (ಶಾಖ ಅದರ ಮೂರು ಪಟ್ಟಿಗೂ ಜಾಸ್ತಿ) ಭಾರಜಲ ರಿಯಾಕ್ಟರ್. ಟರ್ಬೈನಿನ ಎರಡು ಅಲಗು ಮುರಿದವು. ಜನರೇಟರನ್ನು ತಂಪಾಗಿಡುವ ಜಲಜನಕ ಸೋರಿ ಬೆಂಕಿ ಹೊತ್ತಿತು. ಕೇಬಲ್‌ಗಳು ಸುಟ್ಟವು, ಡೀಸೆಲ್ ಜನರೇಟರ್‌ಗಳಿದ್ದೂ ಕರೆಂಟ್ ಇಲ್ಲ. ಸುಮಾರು 17 ಗಂಟೆ ಕತ್ತಲು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಎಲ್ಲರೂ ಹೊರಬರಬೇಕಾಯಿತು.

ರಿಯಾಕ್ಟರನ್ನು ಮೊದಲ ನಿಮಿಷದೊಳಗೇ ನಿಲ್ಲಿಸಿದ್ದರು. ಉಳಿದದ್ದು ಆರದ ಆ ಬಿಸಿ. ಸಿಬ್ಬಂದಿ ಬ್ಯಾಟರಿ ದೀಪ ಹಿಡಿದು ಮೇಲೆ ಹತ್ತಿ, ಕೈಯಿಂದಲೇ ಕವಾಟ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು, ರಿಯಾಕ್ಟರ್ ಮತ್ತೆ ಚಾಲೂ ಆಗದಿರಲಿ ಎಂದು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರ್‌ಗೆ, ಅಂದರೆ ಭಾರಜಲದ ಬಿಸಿಯನ್ನು ಪಡೆದು ಉಗಿ ಮಾಡುವ ಪಾತ್ರೆಗೆ, ನೀರು ಹಾಯಿಸಿದರು. ಇತ್ತ ಇಂಧನದ ಸುತ್ತಲಿನ ಭಾರಜಲಕ್ಕೆ ಪಂಪಿನ ನೆರವಿಲ್ಲ. ಆದರೂ ಬಿಸಿಯಾದದ್ದು ಮೇಲೇರಿ, ತಣ್ಣಗಾದದ್ದು ಕೆಳಗಿಳಿದು ತಾನಾಗಿಯೇ ಸುತ್ತುತ್ತಿತ್ತು. ಇಂಧನಕ್ಕೆ ಏನೂ ಆಗಲಿಲ್ಲ, ವಿಕಿರಣವೂ ಹೊರಬರಲಿಲ್ಲ. ಆ ರಾತ್ರಿ ಮೆಟ್ಟಿಲು ಹತ್ತಿದವರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಆದರೆ ಸುಮ್ನೆ ಹೊಗಳಿ ಮುಗಿಸಲಾರೆ. ಬೇರೆ ಬೇರೆ ವ್ಯವಸ್ಥೆಗಳ ಕೇಬಲ್‌ಗಳು ಒಟ್ಟಿಗೇ ಹಾದುಹೋದರೆ ಏನಾಗುತ್ತದೆ ಎಂದು 1975ರಲ್ಲೇ ಅಮೆರಿಕದ ಬ್ರೌನ್ಸ್ ಫೆರಿ ಅಣುಸ್ಥಾವರ ತೋರಿಸಿತ್ತು. ಅಲ್ಲಿ ಗಾಳಿ ಸೋರುವುದನ್ನು ನೋಡಲು ಹಿಡಿದ ಮೇಣದಬತ್ತಿಯಿಂದ ಕೇಬಲ್‌ಗಳಿಗೆ ಬೆಂಕಿ ತಗುಲಿತ್ತು. ಹದಿನೆಂಟು ವರ್ಷ ಕೈಯಲ್ಲಿದ್ದ ಪಾಠ ಅದು. ನರೋರಾಕ್ಕೆ ಮೊದಲೇ ನಾವು ಅದನ್ನು ಕಲಿಯಬೇಕಿತ್ತು.

ಈಗ ಕೊಳವೆಗೆ ಕ್ರೋಮಿಯಂ ಲೇಪ ಕೊಡುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆಯುತ್ತಿವೆ. ನೀರಾವಿಯೊಂದಿಗೆ ಜಿರ್ಕೋನಿಯಂ ಸೇರುವುದನ್ನು ಅದು ನಿಧಾನ ಮಾಡುತ್ತದೆ. ಸಿಬ್ಬಂದಿಗೆ ಸಮಯ ಸಿಗುತ್ತದೆ. ಆದರೂ ನೀರು ಬೇಕೇ ಬೇಕು.

ಕೆಲಸ ಮುಗಿಸಿ ರಿಯಾಕ್ಟರಿನಿಂದ ಹೊರಬಂದ ಕಟ್ಟು ಕೂಡ ನೇರ ನೀರಿನ ಕೊಳಕ್ಕೇ ಹೋಗುತ್ತದೆ. ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಈ ಮಾದರಿಯನ್ನು ನಿಮ್ಮ ಕಡೆ ಕಳಿಸುತ್ತೇನೆ, ಕೈಗೆತ್ತಿಕೊಂಡು ನೋಡಿ. ಕೊಳವೆಗಳ ನಡುವಿನ ಸಂದು ಗಮನಿಸಿ. ನೀರು ಹರಿಯುವ ದಾರಿ ಅದೇ.