ಶೇಕಡ 41 ಸರಿ, ಯಾವುದರಲ್ಲಿ?

ನಮಸ್ಕಾರ. ಹಿಂದಿನ ಕಂತನ್ನು ಕೇಳಿದ ಒಬ್ಬ ಮಹನೀಯರು, "ಕೇಂದ್ರವು ತನ್ನ ತೆರಿಗೆಯಲ್ಲಿ ಶೇಕಡ 41ರಷ್ಟನ್ನು ರಾಜ್ಯಗಳಿಗೇ ಹಂಚುತ್ತಿದೆ, ಇನ್ನೆಷ್ಟು ಬೇಕು ನಿಮಗೆ?" ಎಂದು ಗದರಿಸಿ ಬರೆದಿದ್ದಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ: ಯಾವುದರಲ್ಲಿ ಶೇಕಡ 41?

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಎಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು ಹೇಳಿದ ಆ 41 ಅನ್ವಯವಾಗುವುದು ಹಂಚಿಕೆಗೆ ಒಳಪಟ್ಟ ತೆರಿಗೆಗಳಿಗೆ ಮಾತ್ರ. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ (ಒಂದು ಉದ್ದೇಶದ ಹೆಸರಿನಲ್ಲಿ ಎತ್ತುವ ಹೆಚ್ಚುವರಿ ತೆರಿಗೆ) ಮತ್ತು ಸರ್‌ಚಾರ್ಜ್ (ಇರುವ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಈ ಹಂಚಿಕೆಯ ಹೊರಗೆ ಉಳಿಯುತ್ತವೆ. ಕಟ್ಟುವಾಗ ಅವೂ ತೆರಿಗೆಯೇ, ಹಂಚುವಾಗ ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಪೆಟ್ರೋಲನ್ನೇ ತೆಗೆದುಕೊಳ್ಳಿ. 2022ರ ಮೇ ತಿಂಗಳ ಕಡಿತದ ನಂತರ ಲೀಟರಿನ ಮೇಲೆ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆಗೆ ಇಳಿಯಿತು. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ ಎಷ್ಟು ಗೊತ್ತೇ? 1 ರೂಪಾಯಿ 40 ಪೈಸೆ. ಮಿಕ್ಕ 18 ರೂಪಾಯಿ 50 ಪೈಸೆಯು ಸರ್‌ಚಾರ್ಜ್ ಲೆಕ್ಕಕ್ಕೆ ಸೇರುವ ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ ಎಂಬ ಹೆಸರುಗಳಲ್ಲಿ ಕೇಂದ್ರದಲ್ಲೇ ಉಳಿಯಿತು. 1 ರೂಪಾಯಿ 40 ಪೈಸೆಯಲ್ಲಿ ಶೇಕಡ 41 ಎಂದರೆ 57 ಪೈಸೆ, ಅದೂ ಎಲ್ಲ ರಾಜ್ಯಗಳಿಗೆ ಸೇರಿ. ಅದರಲ್ಲಿ 15ನೇ ಆಯೋಗವು ಕರ್ನಾಟಕಕ್ಕೆ ಗೊತ್ತುಮಾಡಿದ ಪಾಲು ಶೇಕಡ 3.647, ಅಂದರೆ ಲೀಟರಿಗೆ ಎರಡು ಪೈಸೆ! ಈ ಎರಡು ಪೈಸೆಯನ್ನು ಎಲ್ಲಿ ಇಡುವುದೆಂದು ನಮ್ಮ ಮಹನೀಯರೇ ತಿಳಿಸಬೇಕು. 2025ರ ಏಪ್ರಿಲ್‌ನಲ್ಲಿ ಸುಂಕ ಎರಡು ರೂಪಾಯಿ ಏರಿತಲ್ಲ, ಅದಷ್ಟೂ ವಿಶೇಷ ಹೆಚ್ಚುವರಿ ಸುಂಕಕ್ಕೇ ಸೇರಿತು. ಈಗ ಹೇಳಿ ಸ್ವಾಮಿ, ಯಾವುದರಲ್ಲಿ ಶೇಕಡ 41?

ಸೆಸ್ ಎಂಬುದು ತಾತ್ಕಾಲಿಕ, ನಿರ್ದಿಷ್ಟ ಉದ್ದೇಶಕ್ಕೆಂದೇ ಎತ್ತುವ ಹಣ ಎಂಬ ವಾದವೂ ಇದೆ. 2004ರಲ್ಲಿ ಶೇಕಡ 2ರಿಂದ ಶುರುವಾದ ಶಿಕ್ಷಣ ಸೆಸ್ 2018ರಲ್ಲಿ ಆರೋಗ್ಯವನ್ನೂ ಜೊತೆಗೆ ಸೇರಿಸಿಕೊಂಡು ಶೇಕಡ 4 ಆಯಿತು. ಎಂಥ ದೀರ್ಘಾಯುಷಿ ತಾತ್ಕಾಲಿಕ! ಉದ್ದೇಶದ ಮಾತನ್ನು ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಲಿ: 2018-19ರಲ್ಲಿ ಸೆಸ್ ಮುಂತಾದವುಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಆಯಾ ಉದ್ದೇಶದ ನಿಧಿಗಳಿಗೆ ವರ್ಗವಾದದ್ದು ಸುಮಾರು 1.64 ಲಕ್ಷ ಕೋಟಿ ಮಾತ್ರ.

"ಆ ಹಣದಿಂದ ನಿಮ್ಮ ರಾಜ್ಯಕ್ಕೂ ಹೆದ್ದಾರಿ ಬಂದಿಲ್ಲವೇ?" ಎನ್ನುವವರಿದ್ದಾರೆ. ಬಂದಿದೆ, ಟೋಲನ್ನೂ ಕಟ್ಟುತ್ತಿದ್ದೇವೆ. ರಾಜ್ಯ ಸರ್ಕಾರವೂ ಪೆಟ್ರೋಲ್ ಮೇಲೆ ಮಾರಾಟ ತೆರಿಗೆ ಹಾಕುತ್ತದಲ್ಲ ಎಂದರೆ, ಹಾಕುತ್ತದೆ. ಅದನ್ನು ಬೈಯಲು ಬೇರೊಂದು ಕಂತು ಸಿದ್ಧವಾಗುತ್ತಿದೆ, ಚಂದಾದಾರರಾಗಿದ್ದರೆ ನಿಮಗೇ ಮೊದಲು ತಲುಪುತ್ತದೆ, ಗಂಟೆಯ ಗುರುತನ್ನು ಒತ್ತುವುದನ್ನು ಮರೆಯಬೇಡಿ.

ದೇಶದ ಏಕತೆ, ಬಡ ರಾಜ್ಯಗಳ ಹಿತ ಎಂದೆಲ್ಲ ಇನ್ನು ಬರೆಯಬೇಡಿ. ಸೆಸ್ ಹಂಚಿಕೆಗೆ ಬಾರದಿದ್ದರೆ ಬಿಹಾರಕ್ಕೂ ನಷ್ಟವೇ, ಉತ್ತರ ಪ್ರದೇಶಕ್ಕೂ ನಷ್ಟವೇ, ಇದು ಉತ್ತರ ದಕ್ಷಿಣದ ಜಗಳವೇ ಅಲ್ಲ. ನಾನು ಕೇಳುತ್ತಿರುವುದು ಯಾವುದರಲ್ಲಿ ಎಂದು, ನೀವು ಹೇಳುತ್ತಿರುವುದು 41 ಎಂದು. ಇನ್ನೊಮ್ಮೆ 41 ಎಂದು ಬರೆದವರಿಗೆ ಇದೇ ಕಂತಿನ ಕೊಂಡಿಯನ್ನೇ ಕಳಿಸುತ್ತೇನೆ.